ತಾಂತ್ರಿಕ ವಿಶ್ವವಿದ್ಯಾಲಯದ ಗಣ್ಯರ ಪಟ್ಟಿ: ಯಾರನ್ನು ಸೇರಿಸಬೇಕು, ಹೇಗೆ ಖಚಿತಪಡಿಸಿಕೊಳ್ಳಬೇಕು

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಯುವಿಸಿಇ (ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್) ಕಾಲೇಜಿನ ಹಳೆಯ ವಿದ್ಯಾರ್ಥಿಯಲ್ಲ. ಅವರು ದಿವಾನರಾಗಿದ್ದಾಗ, 1917ರಲ್ಲಿ, ಆ ಕಾಲೇಜನ್ನು ಆರಂಭಿಸಿದವರು. ಅವರು ಓದಿದ್ದು ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಆಮೇಲೆ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಇಂದು ಸಿಒಇಪಿ ತಾಂತ್ರಿಕ ವಿಶ್ವವಿದ್ಯಾಲಯ ಎನಿಸಿಕೊಂಡಿರುವುದು ಅದೇ ಸಂಸ್ಥೆ. ಹಾಗಾಗಿ ಪುಣೆಯ ಪಟ್ಟಿಯಲ್ಲಿ ಅವರು ‘ಹಳೆಯ ವಿದ್ಯಾರ್ಥಿ’, ಯುವಿಸಿಇ ಪಟ್ಟಿಯಲ್ಲಿ ‘ಸ್ಥಾಪಕರು’. ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಟ್ಟಿಯಲ್ಲಿ ಅವರು ಎರಡೂ ಅಲ್ಲ, ಆ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟಿದ್ದಾರೆ, ಅಷ್ಟೇ.

ಸ್ಮರಣ ಸಂಚಿಕೆಗೋ ಕಾಲೇಜಿನ ಜಾಲತಾಣಕ್ಕೋ ವಿಕಿಪೀಡಿಯಕ್ಕೋ ಗಣ್ಯರ ಪಟ್ಟಿ ಮಾಡಲು ಕೂತವರು ಹೆಸರಿಗಿಂತ ಮೊದಲು ಸಂಬಂಧವನ್ನು ಗೊತ್ತುಮಾಡಿಕೊಳ್ಳಬೇಕು. ‘ನಮ್ಮವರು’ ಎಂಬ ಅಭಿಮಾನ ಸರಿಯೇ. ಆದರೆ ಯಾವ ರೀತಿಯಲ್ಲಿ ನಮ್ಮವರು ಎಂಬುದನ್ನು ಪ್ರತಿ ಹೆಸರಿನ ಮುಂದೆ ಬರೆಯಲಾಗದಿದ್ದರೆ ಆ ಹೆಸರು ಇನ್ನೂ ಪಟ್ಟಿಗೆ ಸಿದ್ಧವಾಗಿಲ್ಲ.

ಒಂದು ಸ್ಪ್ರೆಡ್‌ಶೀಟ್ ತೆರೆದು ಒಂಬತ್ತು ಕಾಲಂ ಮಾಡಿ: ಹೆಸರು, ಸಂಬಂಧ, ವಿಭಾಗ, ಸೇರಿದ ವರ್ಷ, ಬಿಟ್ಟ ವರ್ಷ, ಪಡೆದ ಪದವಿ, ಪದವಿ ಕೊಟ್ಟ ವಿಶ್ವವಿದ್ಯಾಲಯ, ಹೆಸರಾದದ್ದು ಯಾವುದರಿಂದ, ಆಧಾರ. ‘ಸಂಬಂಧ’ದ ಕಾಲಂನಲ್ಲಿ ಮನಬಂದಂತೆ ಬರೆಯದೆ ಆರೇ ಆಯ್ಕೆ ಇಟ್ಟುಕೊಳ್ಳಿ: ಪದವೀಧರ, ಓದಿ ಪದವಿ ಪಡೆಯದವರು, ಬೋಧಕ, ಸಂಶೋಧಕ, ಆಡಳಿತ ಮುಖ್ಯಸ್ಥ, ಸ್ಥಾಪಕ. ಒಬ್ಬರಿಗೆ ಎರಡು ಸಂಬಂಧವಿದ್ದರೆ ಎರಡು ಸಾಲು ಬರಲಿ. ಘಟಿಕೋತ್ಸವದಲ್ಲಿ ಗೌರವ ಡಾಕ್ಟರೇಟ್ ಪಡೆದವರು ಈ ಆರರಲ್ಲಿ ಎಲ್ಲಿಯೂ ಬರುವುದಿಲ್ಲ. ಅವರಿಗೆ ಬೇರೆ ಪಟ್ಟಿ ಮಾಡಿ.

ಅತಿ ಹೆಚ್ಚು ತಪ್ಪಾಗುವುದು ‘ಪದವಿ ಕೊಟ್ಟ ವಿಶ್ವವಿದ್ಯಾಲಯ’ದ ಕಾಲಂನಲ್ಲಿ. ವಿಟಿಯು ಕೆಲಸ ಶುರುಮಾಡಿದ್ದು 1998ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಮೈಸೂರು, ಬೆಂಗಳೂರು, ಕರ್ನಾಟಕ, ಮಂಗಳೂರು, ಗುಲ್ಬರ್ಗ ಮುಂತಾದ ವಿಶ್ವವಿದ್ಯಾಲಯಗಳ ಕೆಳಗೆ ಹಂಚಿಹೋಗಿದ್ದವು. ಎನ್.ಆರ್. ನಾರಾಯಣಮೂರ್ತಿ ಮೈಸೂರಿನ ಎನ್‌ಐಇಯಲ್ಲಿ ಎಲೆಕ್ಟ್ರಿಕಲ್ ಮುಗಿಸಿದ್ದು 1967ರಲ್ಲಿ, ಅವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಸ್ಪಿನ್ನರ್ ಇ.ಎ.ಎಸ್. ಪ್ರಸನ್ನ ಅವರೂ ಎನ್‌ಐಇಯವರೇ. ಅನಿಲ್ ಕುಂಬ್ಳೆ ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು, ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯವರು. ಈ ನಾಲ್ವರೂ ಆಯಾ ಕಾಲೇಜಿನ ಪಟ್ಟಿಯಲ್ಲಿ ಹೆಮ್ಮೆಯಿಂದ ಇರಬೇಕಾದವರು. ಆದರೆ ಆ ಕಾಲೇಜುಗಳು ಆಮೇಲೆ ವಿಟಿಯುಗೆ ಸೇರಿದವೆಂದು ಇವರನ್ನು ‘ವಿಟಿಯು ಪದವೀಧರರು’ ಎಂದು ಬರೆಯುವುದು ತಪ್ಪು. ಹೆಸರು ಒಂದೇ ಥರ ಕೇಳಿಸುವುದರಿಂದ ಯುವಿಸಿಇಯವರನ್ನು ವಿಟಿಯು ಲೆಕ್ಕಕ್ಕೆ ಹಾಕುವುದೂ ಇದೆ. ಯುವಿಸಿಇ ಮೊದಲು ಮೈಸೂರು ವಿಶ್ವವಿದ್ಯಾಲಯದ್ದಾಗಿತ್ತು, ನಂತರ ಬೆಂಗಳೂರು ವಿಶ್ವವಿದ್ಯಾಲಯದ್ದಾಯಿತು, ಈಗ ಅದೇ ಒಂದು ಸ್ವಾಯತ್ತ ವಿಶ್ವವಿದ್ಯಾಲಯ.

ಕಾಲೇಜೇ ಬೆಳೆದು ವಿಶ್ವವಿದ್ಯಾಲಯವಾದಾಗ ಲೆಕ್ಕ ಬೇರೆ. ಹುಬ್ಬಳ್ಳಿಯ ಬಿವಿಬಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಸಂಸ್ಥೆ ಅದೇ, ಆವರಣ ಅದೇ. ಹಾಗಾಗಿ ಬಿವಿಬಿಯಲ್ಲಿ ಓದಿದ ಸುಧಾ ಮೂರ್ತಿಯವರನ್ನು ಆ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿನಿ ಎನ್ನಬಹುದು. ‘ಆಗಿನ ಬಿವಿಬಿ’ ಎಂದು ಸೇರಿಸಿದರೆ ಸಾಕು. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಾದ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆದದ್ದಕ್ಕೂ ಇದೇ ನಿಯಮ. ಓದಿದ ಕಾಲದ ಹೆಸರನ್ನು ಮೊದಲು ಬರೆಯಿರಿ, ಇಂದಿನ ಹೆಸರು ಆಮೇಲೆ ಬರಲಿ.

1998ರ ಆಚೀಚೆ ಓದಿದವರ ವಿಷಯದಲ್ಲಿ ಊಹೆ ಬೇಡ. ಪದವಿ ಪ್ರಮಾಣಪತ್ರದ ತಲೆಬರಹದಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅದೇ ಉತ್ತರ. ವಿಟಿಯು ವಿದ್ಯಾರ್ಥಿಯಾದರೆ ಹತ್ತು ಅಕ್ಷರಗಳ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ನೋಡಿದರೂ ತಿಳಿಯುತ್ತದೆ. ಮೊದಲ ಅಂಕಿ ವಲಯ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಮುಂದಿನ ಎರಡು ಅಕ್ಷರ ಕಾಲೇಜು, ಆಮೇಲಿನ ಎರಡಂಕಿ ಸೇರಿದ ವರ್ಷ, ನಂತರ ಬ್ರಾಂಚ್, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರ ಕ್ರಮಸಂಖ್ಯೆ ಸಾಮಾನ್ಯವಾಗಿ 400ರಿಂದ ಶುರುವಾಗುತ್ತದೆ. ಯುಎಸ್‌ಎನ್ ನಿಮ್ಮ ಪರಿಶೀಲನೆಗೆ ಮಾತ್ರ, ಪ್ರಕಟವಾಗುವ ಪಟ್ಟಿಯಲ್ಲಿ ಅದು ಇರಕೂಡದು.

ಬೋಧಕರ ಪಟ್ಟಿಯಲ್ಲಿ ಸಾಧನೆ ಯಾವಾಗ, ಎಲ್ಲಿ ಆಯಿತೆಂಬುದನ್ನು ಬಿಡಿಸಿ ಬರೆಯಬೇಕು. ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಬಂದದ್ದು 1933ರಲ್ಲಿ. ನೊಬೆಲ್ ಬಂದದ್ದು 1930ರಲ್ಲಿ, ಕಲ್ಕತ್ತದಲ್ಲಿ ಮಾಡಿದ ಕೆಲಸಕ್ಕೆ. ‘ಐಐಎಸ್‌ಸಿಯ ಸಂಶೋಧನೆಗೆ ನೊಬೆಲ್’ ಎಂದರೆ ಸುಳ್ಳಾಗುತ್ತದೆ. ‘ನೊಬೆಲ್ ಪಡೆದ ನಂತರ ಇಲ್ಲಿ ನಿರ್ದೇಶಕರಾಗಿ, ಪ್ರಾಧ್ಯಾಪಕರಾಗಿ ಇದ್ದರು’ ಎಂದರೆ ಸರಿ. ವೈಮಾಂತರಿಕ್ಷ ವಿಜ್ಞಾನಿ ರೊದ್ದಂ ನರಸಿಂಹ ಅವರಿಗೆ ಮೂರು ಸಾಲು ಬೇಕು: 1953ರಲ್ಲಿ ಈಗಿನ ಯುವಿಸಿಇಯಿಂದ ಬಿಇ, 1955ರಲ್ಲಿ ವಿಜ್ಞಾನ ಸಂಸ್ಥೆಯಿಂದ ಡಿಪ್ಲೊಮಾ, ಕ್ಯಾಲ್ಟೆಕ್‌ನಲ್ಲಿ ಪಿಎಚ್‌ಡಿ ಮುಗಿಸಿ ಬಂದ ಮೇಲೆ ಅದೇ ವಿಜ್ಞಾನ ಸಂಸ್ಥೆಯಲ್ಲಿ ಬೋಧಕ. ಇಲ್ಲಿನ ‘ಡಿಪ್ಲೊಮಾ’ವನ್ನು ಪಾಲಿಟೆಕ್ನಿಕ್ ಡಿಪ್ಲೊಮಾ ಎಂದುಕೊಳ್ಳಬೇಡಿ. ವಿಜ್ಞಾನ ಸಂಸ್ಥೆ ತಾನೇ ಪದವಿ ಕೊಡಬಲ್ಲ ಡೀಮ್ಡ್ ವಿಶ್ವವಿದ್ಯಾಲಯವಾದದ್ದು 1958ರಲ್ಲಿ. ಅದಕ್ಕೆ ಮೊದಲು ಅದು ಡಿಪ್ಲೊಮಾ, ಅಸೋಸಿಯೇಟ್‌ಶಿಪ್ ಕೊಡುತ್ತಿತ್ತು, ಪಿಎಚ್‌ಡಿ ಬೇರೆ ವಿಶ್ವವಿದ್ಯಾಲಯದಿಂದ ಬರಬೇಕಿತ್ತು.

ಭೌತವಿಜ್ಞಾನಿ ಅನ್ನಾ ಮಣಿಯವರಿಗೆ ಅನ್ಯಾಯವಾದದ್ದು ಇಲ್ಲೇ. ರಾಮನ್ ಪ್ರಯೋಗಾಲಯದಲ್ಲಿ ಮಾಣಿಕ್ಯ, ವಜ್ರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪ್ರಬಂಧ ಸಲ್ಲಿಸಿದರೂ, ಎಂಎಸ್‌ಸಿ ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ‘ಪದವೀಧರರು’ ಎಂಬ ಒಂದೇ ಖಾನೆ ಇದ್ದರೆ ಅಂಥವರು ಪಟ್ಟಿಯಿಂದಲೇ ಬಿದ್ದುಹೋಗುತ್ತಾರೆ. ‘ಸಂಶೋಧಕ’ ಎಂಬ ಆಯ್ಕೆ ಬೇಕಾದದ್ದು ಅದಕ್ಕೇ. ಪ್ರಶಸ್ತಿಗಳ ಪಟ್ಟಿ ನೋಡಿ ಹೆಸರು ಆರಿಸುವವರ ಕಣ್ಣಿಗೆ ರಾಜೇಶ್ವರಿ ಚಟರ್ಜಿ ಕೂಡ ಬೀಳುವುದಿಲ್ಲ. ಕರ್ನಾಟಕದವರೇ ಆದ ಅವರು ವಿಜ್ಞಾನ ಸಂಸ್ಥೆಯ ಬೋಧಕವರ್ಗಕ್ಕೆ ಸೇರಿದ ಮೊದಲ ಮಹಿಳಾ ಎಂಜಿನಿಯರ್, ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ಹಲವರನ್ನು ತಯಾರುಮಾಡಿದವರು. ಹಳೆಯ ವಾರ್ಷಿಕ ವರದಿಗಳಲ್ಲಿ ವಿಭಾಗವಾರು ಸಿಬ್ಬಂದಿ ಪಟ್ಟಿ ಇರುತ್ತದೆ. ಅದನ್ನು ಪುಟಪುಟವೂ ತಿರುವಿ ಹಾಕಿದರೆ ಮಾತ್ರ ಇಂಥ ಹೆಸರು ಸಿಗುತ್ತವೆ. ಇದಕ್ಕೆ ಹಿಡಿಯುವ ಸಮಯ ಹೆಚ್ಚು, ಆದರೆ ಪಟ್ಟಿಗೆ ಬೆಲೆ ಬರುವುದು ಇದರಿಂದಲೇ.

ಆಡಳಿತ ಮುಖ್ಯಸ್ಥರ ಪಟ್ಟಿ ಸುಲಭವೆನಿಸುತ್ತದೆ, ಏಕೆಂದರೆ ಕಚೇರಿಯ ಗೋಡೆಯ ಫಲಕದಲ್ಲಿ ಹೆಸರುಗಳಿರುತ್ತವೆ. ಆದರೂ ವರ್ಷಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ನಿರ್ದೇಶಕರಾಗಿದ್ದದ್ದು 1937ರವರೆಗೆ, ಜೆ.ಸಿ. ಘೋಷ್ ಬಂದದ್ದು 1939ರಲ್ಲಿ. ನಡುವಿನ ಖಾಲಿಯನ್ನು ಮುಚ್ಚಲು ಯಾರ ಅವಧಿಯನ್ನೂ ಎಳೆಯಬೇಡಿ. ಪ್ರಭಾರ ವಹಿಸಿಕೊಂಡವರ ಹೆಸರು ದಾಖಲೆಯಲ್ಲಿ ಸಿಕ್ಕರೆ ‘ಪ್ರಭಾರ’ ಎಂದೇ ಬರೆಯಿರಿ, ಸಿಗದಿದ್ದರೆ ಖಾಲಿ ಬಿಡಿ. ‘ಹಾಲಿ ಕುಲಪತಿ’ ಎಂದು ಬರೆಯುವ ಬದಲು ಅಧಿಕಾರ ವಹಿಸಿಕೊಂಡ ವರ್ಷವನ್ನು ಹಾಕಿದರೆ ಪಟ್ಟಿ ಬೇಗ ಹಳಸುವುದಿಲ್ಲ. ಹಳೆಯ ಕನ್ನಡ ದಾಖಲೆ ಓದುವಾಗ ಇನ್ನೊಂದು ಎಚ್ಚರ: ಇಂದು ನಾವು ‘ಕುಲಪತಿ’ ಎನ್ನುವವರನ್ನು ಹಿಂದೆ ‘ಉಪಕುಲಪತಿ’ ಎನ್ನುತ್ತಿದ್ದರು. ಇಂದಿನ ‘ಕುಲಾಧಿಪತಿ’, ಅಂದರೆ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಪಾಲರು, ಅಲ್ಲಿ ‘ಕುಲಪತಿ’ ಆಗಿರಬಹುದು.

ಆಧಾರದ ಕಾಲಂನಲ್ಲಿ ಪ್ರತಿ ಹೆಸರಿಗೂ ಎರಡು ಆಧಾರ ಇರಲಿ, ಎರಡೂ ಒಂದೇ ಕಡೆಯಿಂದ ನಕಲಾದವು ಆಗಿರಬಾರದು. ಅಭಿನಂದನಾ ಭಾಷಣ, ವಾಟ್ಸ್ಆ್ಯಪ್ ಗುಂಪಿನ ಮಾತು ಸುಳಿವಿಗಷ್ಟೇ ಸಾಕು. ಪ್ರಶಸ್ತಿಯ ವರ್ಷದಲ್ಲಿ ಘೋಷಣೆಯೋ ಪ್ರದಾನವೋ ತೀರ್ಮಾನಿಸಿ ಎಲ್ಲರಿಗೂ ಒಂದನ್ನೇ ಬಳಸಿ. ಸಿ.ಎನ್.ಆರ್. ರಾವ್ ಅವರಿಗೆ ಭಾರತ ರತ್ನ ಘೋಷಣೆಯಾದದ್ದು 2013ರಲ್ಲಿ, ಪ್ರದಾನವಾದದ್ದು 2014ರಲ್ಲಿ. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಮುಂದೆ ಬಿರುದಿನಂತೆ ಅಂಟಿಸುವಂತಿಲ್ಲ, ವಿವರದಲ್ಲಿ ಬರೆಯಿರಿ.

ಅಕಾರಾದಿಯಲ್ಲಿ ಇನಿಷಿಯಲ್ ಲೆಕ್ಕಕ್ಕಿಲ್ಲ: ವಿ.ಕೆ. ಆತ್ರೆ ‘ಆ’ದಲ್ಲಿ, ಸಿ.ಎನ್.ಆರ್. ರಾವ್ ‘ರ’ದಲ್ಲಿ. ಹೀಗೆ ವಿಂಗಡಿಸಲು ಮೇಲಿನ ಒಂಬತ್ತರ ಜೊತೆಗೆ ಇನಿಷಿಯಲ್‌ಗೆ ಪ್ರತ್ಯೇಕ ಕಾಲಂ ಬೇಕು. ಹಳೆಯ ‘ನುಡಿ’ ತಂತ್ರಾಂಶದ ಫೈಲಿನಿಂದ ಹೆಸರು ತಂದರೆ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ. ‘ಅನಿಲ್’ನಂಥ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ (ZWNJ) ಸೇರಿಕೊಂಡಿದ್ದರೆ ಒಬ್ಬರೇ ಇಬ್ಬರಾಗಿ ಎಣಿಕೆಯಾಗುತ್ತಾರೆ, ಹುಡುಕಿದರೂ ಸಿಗುವುದಿಲ್ಲ. ಅದನ್ನು ಅಳಿಸಿ, ಹೆಸರನ್ನು ಮತ್ತೆ ಕೈಯಲ್ಲಿ ಟೈಪ್ ಮಾಡುವುದೇ ವಾಸಿ.