ಸ್ಪೋರ್ಟ್ ಸೆಡಾನ್ ಸ್ಟೀರಿಂಗಿಗೆ ಯಾವ ಲೆದರ್ ಹಾಕಬೇಕು: ಹುಬ್ಬಳ್ಳ್ಯಾಗ ನಾ ಮಾಡಿ ನೋಡಿದ್ದು

ನಂದು ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಕಾರ್ ಸೀಟ್ ಕವರ್, ಕುಶನ್ ಕೆಲಸದ ಅಂಗಡಿ ಐತಿ. ಸೀಟ್ ಹೊಲಿಯೋರು ನಮ್ಮೂರಾಗ ಬೇಕಾದಷ್ಟು ಮಂದಿ ಅದಾರ, ಆದ್ರ ಸ್ಟೀರಿಂಗ್ ಬಿಚ್ಚಿ ಹಳೇ ಲೆದರ್ ಕಿತ್ತು ಹೊಸಾದು ಸುತ್ತಿ ಕೈಲೆ ಹೊಲಿಗಿ ಹಾಕೋರು ಕಡಿಮಿ, ಹಿಂಗಾಗಿ ಬಿಎಂಡಬ್ಲ್ಯೂ 3 ಸೀರೀಸ್, ಆಡಿ ಎಸ್5, ಮರ್ಸಿಡಿಸ್ ಸಿ ಕ್ಲಾಸ್, ಜಾಗ್ವಾರ್ ಎಕ್ಸ್ಇ ಇಂಥಾ ಗಾಡಿ ಇಟ್ಕೊಂಡೋರು ಧಾರವಾಡ, ಗದಗ, ಹಾವೇರಿ ಕಡಿಂದನೂ ನಮ್ಮಲ್ಲಿಗೆ ಬರ್ತಾರ. ಬಂದ ಕೂಡ್ಲೆ ಮೊಬೈಲ್ ತಗದು ಒಂದು ಫೋಟೋ ತೋರಸ್ತಾರ, ಮಖಮಲ್ಲಿನಂಗ ಕಾಣೋ ಕರೇ ಅಲ್ಕಂಟಾರಾ, ನೆತ್ತಿ ಮ್ಯಾಲೊಂದು ಕೆಂಪು ಪಟ್ಟಿ, ಕೆಳಗ ಕಾರ್ಬನ್ ಫೈಬರ್, "ಅಣ್ಣಾರ, ಇದ ಥರಾ ಮಾಡಿಕೊಡ್ರಿ" ಅಂತಾರ. ನಾ ಫೋಟೋ ನೋಡಿ ಆಮ್ಯಾಲ ಅವರ ಕೈ ನೋಡ್ತೇನಿ. ಕೈ ಬೆವರ್ತಾವೇನ್ರಿ, ಗಾಡಿ ನೆರಳಾಗ ನಿಲ್ಲಸ್ತೀರೋ ಬಿಸಲಾಗೋ, ಉದ್ಯೋಗ ಏನು, ಮನ್ಯಾಗ ಇನ್ಯಾರು ಓಡಸ್ತಾರ, ಇಷ್ಟು ಕೇಳದ ನಾ ಲೆದರ್ ಕತ್ತರಸಂಗಿಲ್ಲ. ಯಾಕಂದ್ರ ಸೀಟಿಗೆ ನಿಮ್ಮ ಅಂಗಿ ಪ್ಯಾಂಟ್ ಅಡ್ಡ ಇರ್ತಾವ, ಸ್ಟೀರಿಂಗಿಗೆ ಏನೂ ಇಲ್ಲ, ಬರೇ ಚರ್ಮಕ್ಕ ಚರ್ಮ. ಬಿಎಂಡಬ್ಲ್ಯೂ ಎಂ340ಐ ನಂಥಾ ಗಾಡಿ 0 ರಿಂದ 100 ಕಿಮೀ ವೇಗಕ್ಕ 4.4 ಸೆಕೆಂಡಿನ್ಯಾಗ ಹೋಗ್ತೇತಿ, ಅಂಥಾದ್ದರಾಗ ಕೈ ಒಂಚೂರು ಜಾರಿದ್ರೂ ಅದು ಅಂದಚಂದದ ಮಾತಲ್ಲ.

ಮೊದಲ ಅಲ್ಕಂಟಾರಾ ಬಗ್ಗೆ ಹೇಳ್ತೇನಿ, ಯಾಕಂದ್ರ ಹತ್ತರಾಗ ಎಂಟು ಮಂದಿ ಕೇಳೋದು ಅದನ್ನ. ಭಾಳ ಮಂದಿ ಅದನ್ನ ಚರ್ಮ ಅಂತ ತಿಳ್ಕೊಂಡಾರ. ಅದು ಚರ್ಮ ಅಲ್ಲ, 1970ರಾಗ ಜಪಾನಿನ ಟೋರೇ ಕಂಪನಿಯ ಮಿಯೋಶಿ ಒಕಾಮೊಟೊ ಅನ್ನೋ ವಿಜ್ಞಾನಿ ಕಂಡುಹಿಡಿದ ಮೈಕ್ರೋಫೈಬರ್, ತಯಾರಾಗೋದು ಇಟಲಿಯಾಗ, ಸುಮಾರು 68 ಪರ್ಸೆಂಟ್ ಪಾಲಿಯೆಸ್ಟರ್, ಉಳದದ್ದು ಪಾಲಿಯುರೆಥೇನ್. ಅದರ ಗುಣ ಸುಳ್ಳಲ್ಲ ನೋಡ್ರಿ. ಹಿಡ್ತ ಗಟ್ಟಿ, ಹೊಳಪಿಲ್ಲ ಹಿಂಗಾಗಿ ಗ್ಲಾಸಿನ್ಯಾಗ ಪ್ರತಿಬಿಂಬ ಬೀಳಂಗಿಲ್ಲ, ಬಿಸಲಾಗ ನಿಂತ ಗಾಡ್ಯಾಗ ಮುಟ್ಟಿದ್ರ ಕರೇ ಲೆದರಿನಷ್ಟು ಚುರ್ ಅನ್ನಂಗಿಲ್ಲ. ರೇಸ್ ಗಾಡ್ಯಾಗ ಅದನ್ನ ಹಾಕೋದು ಇದಕ್ಕ. ಆದ್ರ ರೇಸಿನವರು ಕೈಗೆ ಗ್ಲೌಸ್ ಹಾಕ್ಕೊಂಡು ಓಡಸ್ತಾರ, ಅವರ ಕೈ ಬೆವರು, ಎಣ್ಣಿ ಅದಕ್ಕ ತಾಗೂದ ಇಲ್ಲ. ನಾವು ಮುಂಜಾನೆ ತಲಿಗೆ ಕೊಬ್ಬರಿ ಎಣ್ಣಿ ಹಚ್ಚಿ ಅದ ಕೈಲೆ ಗಾಡಿ ತಗೀತೇವಿ, ದಾರ್ಯಾಗ ಗಿರಮಿಟ್ ಮಿರ್ಚಿ ತಿಂದು ಕರ್ಚೀಫಿಗೆ ಕೈ ಒರಸ್ಕೊಂಡು ಮತ್ತ ಹಿಡೀತೇವಿ. ಆ ಎಣ್ಣಿ ಸಣ್ಣ ಸಣ್ಣ ಎಳಿ ಒಳಗ ಇಳೀತೇತಿ, ಎಳಿ ಮಲಕ್ಕೋತಾವ, ಕೈ ಇಡೋ ಜಾಗ ಹೊಳ್ಯಾಕ ಹತ್ತೇತಿ, ಆಮ್ಯಾಲ ಗಂಟು ಗಂಟು ಏಳ್ತೇತಿ. ಹಸಿ ಬಟ್ಟಿಲೆ ಒರಸಿ, ಒಣಗಿದ ಮ್ಯಾಲ ಮೆತ್ತನ ಬ್ರಷ್‌ಲೆ ಎಳಿ ಎಬ್ಬಿಸೋ ರೂಢಿ ಇದ್ದೋರಿಗೆ ಅದು ಚಲೋ ಬರ್ತೇತಿ, ವಾರಾ ವಾರಾ ಮಾಡ್ಬೇಕಷ್ಟ. ಹಂಗ ಮಾಡೋರು ಅದಾರ, ಅಂಥಾವರಿಗೆ ನಾನ ಖುಷಿಲೆ ಹಾಕಿಕೊಡ್ತೇನಿ.

ಬ್ಯಾಡಗಿ ಕಡಿಂದ ಒಬ್ಬ ಸಾವಕಾರ್ರು ಬಂದಿದ್ರು, ಮೆಣಸಿನಕಾಯಿ ವ್ಯಾಪಾರ. ಗಾಡಿ ಹೊಸಾದು ಏನಲ್ಲ, ಜರ್ಮನ್ ಸೆಡಾನ್, ಒಳಗೆಲ್ಲಾ ತಿಳಿ ಬಣ್ಣ, ಸ್ಟೀರಿಂಗಿಗೂ ಬೂದಿ ಬಣ್ಣದ ಅಲ್ಕಂಟಾರಾ ಬೇಕು ಅಂದ್ರು. ಅವರ ಬಳ್ಳಿನ ಸಂದ್ಯಾಗ, ಉಗುರಿನ ಬುಡಕ್ಕ ಕೆಂಪು ಹಂಗ ಕುಂತಿತ್ತು. ಮಾರ್ಕೆಟ್ಟಿನ್ಯಾಗ ದಿನಾ ಚೀಲಕ್ಕ ಕೈ ಹಾಕಿ ಕಾಯಿ ಮುರದು ನೋಡೋ ಕೈ ಅವು. ನಾ ಏನೂ ವಾದ ಮಾಡಲಿಲ್ಲ. ಬೂದಿ ಬಣ್ಣದ ಅಲ್ಕಂಟಾರಾ ತುಂಡೊಂದು, ಅದ ಬಣ್ಣದ ನಾಪ್ಪಾ ಅನ್ನೋ ಮೆತ್ತನ ಲೆದರ್ ತುಂಡೊಂದು ಟೇಬಲ್ ಮ್ಯಾಲ ಇಟ್ಟು, "ಸಾವಕಾರ್ರ, ನಿಮ್ಮ ಕಿಸೆದಾಗ ಒಂದು ಸ್ಯಾಂಪಲ್ ಕಾಯಿ ಇದ್ದ ಇರ್ತೇತಿ, ಮುರದು ಎರಡಕ್ಕೂ ತಿಕ್ಕ್ರಿ" ಅಂದೆ. ತಿಕ್ಕಿದ್ರು. ಸ್ವಲ್ಪ ಹೊತ್ತು ಬಿಟ್ಟು ಸೌಮ್ಯ ಸಾಬೂನ ನೀರಾಗ ಬಟ್ಟಿ ಹಿಂಡಿ ಒರಸಿದ್ವಿ, ಲೆದರ್ ಮ್ಯಾಲಿಂದು ಬಟ್ಟಿಗೆ ಬಂತು, ಅಲ್ಕಂಟಾರಾದ ಮ್ಯಾಲ ಕಿತ್ತಳಿ ಬಣ್ಣದ ಮೋಡ ಹಂಗ ಉಳೀತು, ತಿಕ್ಕಿದಷ್ಟೂ ಅಗಲ ಆತು. ಬ್ಯಾಡಗಿ ಕಾಯಿಗೆ ಖಾರ ಕಡಿಮಿ ಬಣ್ಣ ಜಾಸ್ತಿ, ಮತ್ತ ಆ ಬಣ್ಣ ಕರಗೋದು ಎಣ್ಣ್ಯಾಗ, ನೀರಾಗ ಅಲ್ಲ, ಎಳಿ ಒಳಗ ಹೋತಂದ್ರ ಮುಗೀತು. ಅವರು ಎರಡೂ ತುಂಡು ಹೊಳ್ಳಿಸಿ ಹೊಳ್ಳಿಸಿ ನೋಡಿ, "ಆತು, ಲೆದರ್ ಹಾಕ್ರಿ, ಕರೇದ ಹಾಕಿಬಿಡ್ರಿ" ಅಂದ್ರು. ತೂತಿಂದು ಬ್ಯಾಡ, ಸಾದಾ ಇರಲಿ ಅಂತ ನಾನ ಹೇಳಿದೆ, ಪುಡಿ ಕೆಲಸ ಮಾಡೋ ಕೈಗೆ ಪರ್ಫೊರೇಟೆಡ್ ಲೆದರ್ ಕೊಟ್ರ ಪ್ರತಿ ತೂತಿನ್ಯಾಗೂ ಪುಡಿ ಕುಂದರ್ತೇತಿ.

ಇನ್ನ ನಾಪ್ಪಾ. ಈ ಹೆಸರು ಹೇಳಿ ಪ್ಯಾಟ್ಯಾಗ ಏನೇನೋ ಮಾರ್ತಾರ, ಹುಷಾರಿರಬೇಕು. ಜಾಕೆಟ್, ಬ್ಯಾಗ್ ಮಾಡೋ ಕುರಿ ಚರ್ಮದ ನಾಪ್ಪಾ ಮುಟ್ಟಾಕ ಬೆಣ್ಣಿ ಇದ್ದಂಗ ಇರ್ತೇತಿ, ದಪ್ಪ ನೋಡಿದ್ರ 0.6, 0.7 ಎಂಎಂ, ಅದನ್ನ ಸ್ಟೀರಿಂಗಿಗೆ ಎಳದು ಹೊಲದ್ರ ಸೂಜಿ ತೂತ ಹರದು ಉದ್ದ ಆಗ್ತಾವ, ಬ್ಯಾಸಗ್ಯಾಗ ಸಡಲಾಗಿ ಕೈಯಾಗ ತಿರಗ್ತೇತಿ. ಸ್ಟೀರಿಂಗಿಗೆ ಬೇಕಾದ್ದು ದನದ ಚರ್ಮ, ಕ್ರೋಮ್ ಟ್ಯಾನ್ ಆದದ್ದು (ಕ್ರೋಮಿಯಂ ಉಪ್ಪಿನ್ಯಾಗ ಹದ ಮಾಡಿದ್ದು), 1.0 ರಿಂದ 1.2 ಎಂಎಂ, ಮ್ಯಾಲ ತೆಳ್ಳಗ ಬಣ್ಣದ ಕೋಟ್ ಇದ್ದದ್ದು. ನಾ ತಮಿಳುನಾಡಿನ ರಾಣಿಪೇಟೆ, ಆಂಬೂರ ಕಡಿ ಮಾಲು ತರಸ್ತೇನಿ. ತರಸೋ ಮೊದಲು ತುಂಡಿನ ಮ್ಯಾಲ ಒಂದು ಹನಿ ನೀರು ಬಿಡ್ತೇನಿ. ಹನಿ ಗುಂಡಗ ನಿಂತ್ರ ಕೋಟ್ ಐತಿ ಅಂತ ಲೆಕ್ಕ, ಹೀರ್ಕೊಂಡು ಕಪ್ಪಾದ್ರ ಅದು ಆನಿಲಿನ್, ಅಂದ್ರ ಮ್ಯಾಲ ಕೋಟ್ ಇಲ್ಲದ ಲೆದರ್, ನೋಡಾಕ ರಾಜಾನಂಗ ಇರ್ತೇತಿ ಆದ್ರ ಬೆವರು ಕುಡದು ಕಲೆ ಹಿಡೀತೇತಿ, ಸ್ಟೀರಿಂಗಿಗೆ ಬ್ಯಾಡ. ಆಮ್ಯಾಲ ಹಿಂಬದಿ ನೋಡ್ಬೇಕು, ಬಟ್ಟಿ ನೇಯ್ಗಿ ಕಂಡ್ರ ಅದು ರೆಕ್ಸಿನ್, ಏನ ಹೆಸರಿಟ್ಟು ಮಾರಲಿ. ಹೊಟ್ಟಿ ಭಾಗದ ಚರ್ಮ ಹಿಗ್ತೇತಿ, ಬೆನ್ನಿನ ಭಾಗ ಬಿಗಿ ಇರ್ತೇತಿ, ನಾ ಬೆನ್ನಿಂದನ ಪಟ್ಟಿ ತಗಿಯೋದು. ಒಂದು ಸ್ಟೀರಿಂಗ್ ಅಂದ್ರ ಸುಮಾರು 370 ಎಂಎಂ ಅಗಲ, ಸುತ್ತಳತಿ ಹೆಚ್ಚು ಕಡಿಮಿ 1160 ಎಂಎಂ ಬರ್ತೇತಿ, ವೇಸ್ಟ್ ಎಲ್ಲಾ ಹಿಡದು 3 ಚದರಡಿ ಚಲೋ ಲೆದರ್ ಸಾಕು. ಇಷ್ಟ ಸಾಮಾನಿಗೆ ಕಡಿಮಿ ರೇಟಿಂದು ಹುಡಕೋದ್ರಾಗ ಅರ್ಥಿಲ್ಲ ಅಂತ ನಾ ಗಿರಾಕಿಗೆ ಸೀದಾ ಹೇಳ್ತೇನಿ.

ನನ್ನ ಮುಖ್ಯ ಮಾತು ಏನಂದ್ರ ಸ್ಟೀರಿಂಗ್ ಅನ್ನೋದು ಒಂದ ಸಾಮಾನಲ್ಲ, ಅದರಾಗ ಮೂರು ನಾಕು ಬ್ಯಾರೆ ಬ್ಯಾರೆ ಜಾಗ ಅದಾವ, ಒಂದೊಂದಕ್ಕ ಒಂದೊಂದು ತ್ರಾಸ. ಗಡಿಯಾರದ 9 ಮತ್ತ 3ರ ಜಾಗಕ್ಕ ಬೆವರು, ಉಂಗುರ, ಉಗುರು. ನೆತ್ತಿಗೆ, ಅಂದ್ರ 12ರ ಜಾಗಕ್ಕ, ಗ್ಲಾಸಿಂದ ಬರೋ ಬಿಸಲು. ಕೆಳಗಿಂದಕ್ಕ ಇಳಿಯೋ ಹತ್ತೋ ಮುಂದ ತೊಡಿ ತಿಕ್ಕೋದು, ಫ್ಲ್ಯಾಟ್ ಬಾಟಮ್, ಅಂದ್ರ ಸ್ಟೀರಿಂಗಿನ ಕೆಳಬದಿ ಸಪಾಟ ಇದ್ರ ಅದು ಕಡಿಮಿ. ಹಿಂಗಾಗಿ ನಾಕೂ ಕಡಿಗೆ ಒಂದ ಲೆದರ್ ಹಾಕೋ ಬದಲಿ ನಾ ಹೆಚ್ಚಾಗಿ ಮಾಡೋದು ಹಿಂಗ: 9 ಮತ್ತ 3ಕ್ಕ ಸಣ್ಣ ತೂತಿನ ಪರ್ಫೊರೇಟೆಡ್ ಲೆದರ್, ಕೈ ಬೆವರಿದ್ರೂ ಜಾರಂಗಿಲ್ಲ, ಕೆಳಗ ಸಾದಾ ನಾಪ್ಪಾ, ಅಲ್ಕಂಟಾರಾ ಬೇಕಾ ಬೇಕು ಅಂದ್ರ ನೆತ್ತಿಗೆ. ಕೈ ಅಲ್ಲಿ ಕಡಿಮಿ ಹೋಗ್ತೇತಿ, ಹೊಳಪಿಲ್ಲ ಹಿಂಗಾಗಿ ಕಣ್ಣಿಗೂ ಚಲೋ. ಆದ್ರ ಸೋಫಾಕ್ಕ ಹಾಕೋ ಸ್ವೇಡ್ ಬಟ್ಟಿ ತಂದು ಅಲ್ಕಂಟಾರಾ ಅನ್ನೋರಿದ್ದಾರ, ಅದು ಬಿಸಲಿಗೆ ಬಣ್ಣ ಬಿಡ್ತೇತಿ, ಗಾಡಿಗಂತ ಮಾಡಿದ್ದ ಬೇಕು. ಮರ್ಸಿಡಿಸ್ಸಿನ ಸ್ಪೋರ್ಟ್ ಗಾಡಿ ಮಾಡೋ ಎಎಂಜಿಯವರು ಕೆಲವು ಸ್ಟೀರಿಂಗಿನ್ಯಾಗ ಉಲ್ಟಾ ಮಾಡ್ಯಾರ, ಹಿಡಿಯೋ ಜಾಗಕ್ಕ ಮೈಕ್ರೋಫೈಬರ್, ಮ್ಯಾಲ ಕೆಳಗ ನಾಪ್ಪಾ. ಹಿಡ್ತದ ಲೆಕ್ಕದಾಗ ಅವರದ್ದು ಸರಿ ಐತಿ. ತಂಪು ದೇಶದಾಗ ಒಣಗಿದ ಕೈಗೆ ಅದು ನಡೀತೇತಿ, ಏಪ್ರಿಲ್ ತಿಂಗಳಾಗ ನವಲಗುಂದ ರೋಡಿನ್ಯಾಗ ಎಸಿ ಹಾಕೋತ ಬಂದ್ರೂ ಬೆವರೋ ಕೈಗೆ ನಾ ಬ್ಯಾಡ ಅಂತೇನಿ.

ಬಿಸಲಿನ ಮಾತು ಬಂತಲ್ಲ, 2018ರಾಗ ಅಮೆರಿಕಾದ ಅರಿಝೋನಾದವರು ಒಂದು ಪರೀಕ್ಷಾ ಮಾಡಿದ್ರು, ಬ್ಯಾಸಗ್ಯಾಗ ಒಂದು ತಾಸು ಬಿಸಲಾಗ ನಿಂತ ಗಾಡಿಯ ಸ್ಟೀರಿಂಗ್ ಸರಾಸರಿ 53 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ನೆರಳಾಗ ನಿಂತದ್ದು 42ರ ಹತ್ರ. ನಮ್ಮದು ಅಷ್ಟು ಬಿಸಲಿನ ಊರಲ್ಲ, ಆದ್ರ ಮೇ ತಿಂಗಳಾಗ ಕೊಪ್ಪಿಕರ ರೋಡಿನ್ಯಾಗ ಗಾಡಿ ನಿಲ್ಲಿಸಿ ಬಂದೋರಿಗೆ ಗೊತ್ತಿರ್ತೇತಿ. ಬಿಸಿಗೆ ಲೆದರಿನ ಹಸಿ ಆರಿ ಅದು ಕುಗ್ತೇತಿ, ಹೊಲಿಗಿ ಬಾಯಿ ಬಿಡೋದು ಅಲ್ಲಿಂದನ ಶುರು. ಅದಕ್ಕ ದಾರನೂ ಲೆಕ್ಕಕ್ಕ ಬರ್ತೇತಿ, ನಾ ನೈಲಾನ್ ಬಿಟ್ಟು ಬಾಂಡೆಡ್ ಪಾಲಿಯೆಸ್ಟರ್ ದಾರನ ಹಾಕ್ತೇನಿ, ಬಿಸಲಿಗೆ ಅದು ಹೆಚ್ಚು ತಡೀತೇತಿ. ಮುಂಭಾಗದ ಕಾಜಿಗೆ ಸನ್‌ಶೇಡ್ ಇಡ್ರಿ ಅಂತ ಪ್ರತಿಯೊಬ್ಬರಿಗೂ ಹೇಳ್ತೇನಿ.

ಕಾರ್ಬನ್ ಬೇಕಂದ್ರ ಮ್ಯಾಟ್ ಫಿನಿಶ್ ತಗೊಳ್ರಿ, ಗ್ಲಾಸಿ ಆದ್ರ ಮಧ್ಯಾಹ್ನ ಬಿಸಲು ಹೊಡದು ಕಣ್ಣಿಗೆ ಬಡೀತೇತಿ, ಕೈ ಹಿಡಿಯೋ ಜಾಗಕ್ಕಂತೂ ಬ್ಯಾಡ, ಜಾರ್ತೇತಿ. ಕಟಗಿದೂ ಅದ ಮಾತು, ಅದು ಹಿಂದ ಕುಂತು ಹೋಗೋ ದೊಡ್ಡ ಗಾಡಿಗೆ ಶೋಭಾ.

ಮಂದಿ ಕೇಳದ ಇರೋದು ರಿಮ್ (ಕೈಲೆ ಹಿಡಿಯೋ ಸುತ್ತು) ದಪ್ಪದ ಬಗ್ಗೆ, ನನ್ನ ಪ್ರಕಾರ ಲೆದರಿನಷ್ಟ ದೊಡ್ಡ ವಿಷಯ ಅದು. ಬಿಎಂಡಬ್ಲ್ಯೂದ ಎಂ ಸ್ಪೋರ್ಟ್ ಸ್ಟೀರಿಂಗ್ ಮೊದಲ ದಪ್ಪ. ಅದರ ಮ್ಯಾಲ ಮೆತ್ತಗಾಗಲಿ ಅಂತ 2 ಎಂಎಂ ಫೋಮ್ ಹಾಕಸ್ತಾರ, ಅಂದ್ರ ಎರಡೂ ಕಡಿ ಸೇರಿ 4 ಎಂಎಂ ದಪ್ಪ ಆತು. ದೊಡ್ಡ ಕೈಗೆ ಅದು ಹಿತ. ವಿದ್ಯಾನಗರದಾಗ ಒಬ್ಬ ಡಾಕ್ಟರ್ ಅಕ್ಕಾರು ಅದಾರ, ಸಣ್ಣ ಕೈ, ಅವರ ಯಜಮಾನ್ರು ತಮ್ಮ ಕೈ ಲೆಕ್ಕದಾಗ ಫೋಮ್ ಹಾಕ್ರಿ ಅಂದ್ರು, ಅಕ್ಕಾರನ್ನ ಕರಸಿ ಮಾಸ್ಕಿಂಗ್ ಟೇಪಿನ್ಯಾಗ ಫೋಮ್ ಸುತ್ತಿ ಹಿಡಿಸಿ ನೋಡಿದ್ವಿ, ಹೆಬ್ಬಟ್ಟು ನಡು ಬಳ್ಳಿಗೆ ಮುಟ್ಟಲಿಲ್ಲ. ಗಾಡಿ ದಿನಾ ಓಡಸೋರು ಅವರ, ಫೋಮ್ ಬಿಟ್ವಿ. ಅವರದ್ದು ಇನ್ನೊಂದು ಇತ್ತು, ಆಸ್ಪತ್ರ್ಯಾಗ ದಿನವಿಡೀ ಸ್ಯಾನಿಟೈಸರ್. ಅದರಾಗಿನ ಆಲ್ಕೋಹಾಲ್ ಲೆದರಿನ ಮ್ಯಾಲಿನ ಕೋಟನ್ನ ತಿಂತೇತಿ, ಅವರ ಹಳೇ ಸ್ಟೀರಿಂಗಿನ್ಯಾಗ ಎಡಗೈ ಇಡೋ ಜಾಗ ಅಷ್ಟ ಬಿಳಚಿತ್ತು, ಬಾಕಿ ಎಲ್ಲಾ ಹೊಸಾದರಂಗ. ಕೈ ಪೂರ್ತಿ ಒಣಗಿದ ಮ್ಯಾಲ ಹಿಡೀರಿ ಅಂದೆ, ಮತ್ತ ಅವರಿಗೆ ಕೋಟ್ ಸ್ವಲ್ಪ ಗಟ್ಟಿ ಇದ್ದ ಲೆದರ್ ಆರಿಸಿದೆ, ಮೆತ್ತನ ಫೀಲ್ ಒಂಚೂರು ಕಡಿಮಿ ಆದ್ರೂ ಅಡ್ಡಿಯಿಲ್ಲ ಅಂತ ಅವರ ಒಪ್ಪಿದ್ರು.

ಇದು ಮನ್ಯಾಗ ಯೂಟ್ಯೂಬ್ ನೋಡಿ ಮಾಡೋ ಕೆಲಸ ಅಲ್ಲ, ಯಾಕಂದ್ರ ನಡುವ ಏರ್‌ಬ್ಯಾಗ್ ಐತಿ. ಬ್ಯಾಟರಿ ಕನೆಕ್ಷನ್ ತಗದು ಗಾಡಿ ಮ್ಯಾನ್ಯುಯಲ್‌ನ್ಯಾಗ ಹೇಳಿದಷ್ಟು ಹೊತ್ತು ಕಾದ ಮ್ಯಾಲನ ನಾವು ಮುಟ್ಟೋದು, ತಗದ ಏರ್‌ಬ್ಯಾಗನ್ನ ಮುಖ ಮ್ಯಾಲ ಮಾಡಿ ಬ್ಯಾರೆ ಕಡಿ ಇಡ್ತೇವಿ, ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗಿನ ಹಿಂದ ಸುತ್ತಿಟ್ಟ ಕರೆಂಟಿನ ಪಟ್ಟಿ) ತಿರಗದಂಗ ಟೇಪ್ ಹಚ್ಚಿಡ್ತೇವಿ. ಏರ್‌ಬ್ಯಾಗಿನ ಮುಚ್ಚಳಕ್ಕ ಮ್ಯಾಚಿಂಗ್ ಲೆದರ್ ಹಾಕ್ರಿ ಅಂತ ಎಷ್ಟ ರೊಕ್ಕ ಕೊಟ್ರೂ ನಾ ಹಾಕಂಗಿಲ್ಲ, ಆ ಮುಚ್ಚಳ ಸೀಳ್ಕೊಂಡು ತೆರೀಬೇಕು, ಅದರ ಮ್ಯಾಲ ಲೆದರ್ ಇದ್ರ ಹೆಂಗ ತೆರೀತೇತಿ ಅಂತ ಹೇಳಾಕ ಬರಂಗಿಲ್ಲ. ಇನ್ನ ಹೊಸಾ ಗಾಡಿಗಳಾಗ ಕೈ ಸ್ಟೀರಿಂಗ್ ಮ್ಯಾಲ ಐತೋ ಇಲ್ಲೋ ನೋಡಾಕ ರಿಮ್ಮಿನ ಒಳಗ ಸೆನ್ಸರ್ ಹಾಳಿ ಇರ್ತೇತಿ, ಕೆಲವದ್ರಾಗ ಹೀಟಿಂಗ್ ತಂತಿನೂ. ಹಳೇ ಲೆದರ್ ಕೀಳೋ ಮುಂದ ಅದು ಹರದ್ರ ಡ್ಯಾಶ್ ಮ್ಯಾಲ ವಾರ್ನಿಂಗ್ ಬಂದು ಕುಂದರ್ತೇತಿ, ಮ್ಯಾಲ ದಪ್ಪ ಫೋಮ್ ಹಾಕಿದ್ರೂ ಕೈ ಇದ್ದದ್ದು ಅದಕ್ಕ ಸರಿ ತಿಳಿಯಂಗಿಲ್ಲ. ಅಂಥಾ ಗಾಡಿಗೆ ಮೊದಲಿನ ದಪ್ಪದ್ದ ಲೆದರ್, ಫೋಮ್ ಇಲ್ಲ, ಅಷ್ಟ. ಪ್ಯಾಟ್ಯಾಗ ಸಿಗೋ ಎಳದು ಹಾಕೋ ಕವರ್ ಅಂತೂ ಇಂಥಾ ಗಾಡಿಗೆ ಯಾವತ್ತೂ ಬ್ಯಾಡ, ಜೋರಿನ್ಯಾಗ ತಿರಗಸೋ ಮುಂದ ಕವರ್ ಒಂದು ಕಡಿ, ರಿಮ್ ಒಂದು ಕಡಿ ಆಗ್ತೇತಿ.

ಹೊಲಿಗಿ ಯಾವಾಗ್ಲೂ ರಿಮ್ಮಿನ ಒಳಬದಿಗೆ ಬರಬೇಕು, ಅಂಗೈ ಕೂಡೋ ಜಾಗಕ್ಕ ಅಲ್ಲ. ಅಂಚು ತೆಳು ಸವರಿ ಹೊಲದ್ರ ಬಳ್ಳಿಗೆ ದಾರ ತಾಗಿದ್ದೂ ಗೊತ್ತಾಗಂಗಿಲ್ಲ. ಇದನ್ನ ಮಷೀನ್ ಮಾಡಂಗಿಲ್ಲ, ಅಂಚಿನ ತೂತ ಅಷ್ಟ ಮಷೀನಿನ್ಯಾಗ ಹಾಕಿ ಉಳದದ್ದೆಲ್ಲಾ ಕೈ ಹೊಲಿಗಿ, ನಾ ಹೆಚ್ಚಾಗಿ ಬೇಸ್‌ಬಾಲ್ ಸ್ಟಿಚ್ ಹಾಕ್ತೇನಿ, ಅದರಾಗ ಎರಡೂ ಅಂಚು ಒಂದಕ್ಕೊಂದು ಕೂಡಿ ಕುಂದರ್ತಾವ, ಉಬ್ಬಂಗಿಲ್ಲ. ಸ್ಪೋಕಿನ ಸಂದ್ಯಾಗ ಹೀಟ್ ಗನ್ ಹಿಡದು ಲೆದರ್ ಸ್ವಲ್ಪ ಸ್ವಲ್ಪ ಕಾಸಿ ಬಳ್ಳಿಲೆ ತಿಕ್ಕಿ ಸುಕ್ಕು ತಗೀಬೇಕು, ಅಲ್ಲಿ ಅವಸರ ಮಾಡಿದ್ರ ಲೆದರ್ ಸುಟ್ಟು ಗಟ್ಟಿ ಆಗ್ತೇತಿ.

ಗಾಡಿ ವಾಪಸ್ ಕೊಡೋ ಮುಂದ ಹೇಳೋದು ಇಷ್ಟ: ಲೆದರ್ ಅಂಟಿಸಿದ ಸೊಲ್ಯೂಷನ್ ಪೂರ್ತಿ ಹಿಡಿಯೋ ತನಕ ಒಂದೆರಡು ದಿನ ಬಿಸಲಾಗ ನಿಲ್ಲಸಬ್ಯಾಡ್ರಿ. ಡ್ಯಾಶ್‌ಬೋರ್ಡಿಗೆ ಹಚ್ಚೋ ಪಾಲಿಶ್ ಸ್ಟೀರಿಂಗಿಗೆ ಹಚ್ಚಬ್ಯಾಡ್ರಿ, ಅದು ಜಾರ್ತೇತಿ, ವಾಷಿಂಗ್ ಸೆಂಟರಿನ ಹುಡುಗರಿಗೂ ಮೊದಲ ಹೇಳಿ ಗಾಡಿ ಬಿಡ್ರಿ, ಅವರು ಪ್ರೀತಿಲೆ ಎಲ್ಲಾದಕ್ಕೂ ಹಚ್ಚತಾರ. ಒರಸಾಕ ಹಸಿ ಬಟ್ಟಿ, ಕೈ ಇಡೋ ಜಾಗ ಹೊಳಪು ಕಂಡ್ರ ಒಂದು ಹನಿ ಸೌಮ್ಯ ಸಾಬೂನು, ಆಮ್ಯಾಲ ಒಣ ಬಟ್ಟಿ. ಲೆದರ್ ಹೊಳ್ಯಾಕ ಹತ್ತಿದ್ರ ಅದು ಹೊಸಾದಾಗಿಲ್ಲ, ಕೈ ಎಣ್ಣಿ ಕುಂತೇತಿ ಅಂತ ತಿಳ್ಕೊಂಡು ಅವತ್ತ ಒರಸ್ರಿ.