ನಿಮ್ಮ ಮನೆ ಅವರಿಗೆ, ಅವರ ಮನೆ ನಿಮಗೆ: ರಜೆಗೆ ಮನೆ ಅದಲುಬದಲು ಹೀಗೆ ಶುರು ಮಾಡಿ

ದಸರಾ ರಜೆಯಲ್ಲಿ ಮೈಸೂರಿನಲ್ಲಿ ನಾಲ್ಕು ಜನರಿಗೆ ರೂಮು ಹುಡುಕಿದವರಿಗೆ ಗೊತ್ತು, ಬಾಡಿಗೆ ಕೇಳಿದ ಮೇಲೆ ಪ್ರವಾಸವೇ ಬೇಡ ಅನ್ನಿಸಿಬಿಡುತ್ತದೆ. ಅದೇ ವಾರ ಮೈಸೂರಿನ ಎಷ್ಟೋ ಮನೆಯವರು ಜನಜಂಗುಳಿಯಿಂದ ದೂರ, ಕಡಲ ಕಡೆ ಎಲ್ಲಾದರೂ ಹೋಗೋಣ ಅಂದುಕೊಳ್ಳುತ್ತಿರುತ್ತಾರೆ. ಮಂಗಳೂರಿನವರು ಅವರ ಮನೆಗೆ ಬಂದು, ಅವರು ಮಂಗಳೂರಿನವರ ಮನೆಗೆ ಹೋದರೆ ಇಬ್ಬರಿಗೂ ವಸತಿಯ ಖರ್ಚಿಲ್ಲ. ಹೋಮ್ ಸ್ವಾಪ್ ಅನ್ನುವುದು ಇದನ್ನೇ.

ಹೊರದೇಶಗಳಲ್ಲಿ ಇದು ಹಳೆಯ ರೂಢಿ. ಯುರೋಪಿನ ಶಿಕ್ಷಕರು ಸೇರಿ ಮನೆ ಅದಲುಬದಲಿನ ಬಳಗವಾದ ಇಂಟರ್‌ವ್ಯಾಕ್ ಶುರು ಮಾಡಿದ್ದು 1953ರಲ್ಲಿ. ಮೇಷ್ಟ್ರುಗಳಿಗೆ ರಜೆ ಉದ್ದ, ಸಂಬಳ ಗಿಡ್ಡ. ಅವರಿಗೆ ಇದು ಹೊಳೆದದ್ದು ಸಹಜವೇ. ಈಗ ಇಂಥ ಜಾಲತಾಣಗಳಲ್ಲಿ ದೊಡ್ಡ ಹೆಸರು ಹೋಮ್‌ಎಕ್ಸ್‌ಚೇಂಜ್. 1992ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇದಕ್ಕೆ ವರ್ಷಕ್ಕೊಮ್ಮೆ ಚಂದಾ ಕಟ್ಟಬೇಕು. ಇಬ್ಬರೂ ಒಂದೇ ಹೊತ್ತಿಗೆ ಮನೆ ಬದಲಿಸಲೇಬೇಕೆಂದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಉಳಿದರೆ ನಿಮಗೆ ಪಾಯಿಂಟ್ ಸಿಗುತ್ತದೆ, ಅದನ್ನು ಮೂರನೆಯವರ ಮನೆಯಲ್ಲಿ ಖರ್ಚು ಮಾಡಬಹುದು.

ಆದರೆ ಮೊದಲ ಸಲಕ್ಕೆ ಚಂದಾ ಕಟ್ಟಬೇಡಿ ಎಂಬುದು ನನ್ನ ಸಲಹೆ. ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪು, ನಿಮ್ಮ ಕಚೇರಿಯ ಬೇರೆ ಊರಿನ ಶಾಖೆ, ಬೀಗರ ಕಡೆಯವರು, ಹೀಗೆ ನಡುವೆ ಒಬ್ಬ ಪರಿಚಯಸ್ಥರು ಇರುವ ಕಡೆ ಕೇಳಿ. ಎರಡು ರಾತ್ರಿಗೆ ಮಾತ್ರ ಒಪ್ಪಿಕೊಳ್ಳಿ. ಬೇರೆಯವರು ನಮ್ಮ ಹಾಸಿಗೆಯಲ್ಲಿ ಮಲಗುವುದು ನಮಗೆ ಒಗ್ಗುತ್ತದೋ ಇಲ್ಲವೋ ಅಷ್ಟರಲ್ಲಿ ತಿಳಿದುಹೋಗುತ್ತದೆ. ಒಗ್ಗದಿದ್ದರೆ ಅಲ್ಲಿಗೇ ಬಿಡಿ, ಅದರಲ್ಲಿ ತಪ್ಪೇನೂ ಇಲ್ಲ.

ಮಾತಾಡುವಾಗ ಮುಚ್ಚುಮರೆ ಬೇಡ

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಮೊದಲು. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ಗೆ ತಿಳಿಸಿ, ಬರುವವರ ಹೆಸರನ್ನು ಗೇಟಿನಲ್ಲಿ ಬರೆಸಿಡಿ.

ಆಮೇಲೆ ವಿಡಿಯೊ ಕಾಲ್. ಎರಡೂ ಮನೆಯ ದೊಡ್ಡವರೆಲ್ಲ ಕೂತು ಮಾತಾಡಬೇಕು. ಕೆಲವು ಪ್ರಶ್ನೆ ಕೇಳಲು ನಮಗೆ ಸಂಕೋಚ, ಆದರೆ ಜಗಳ ಹುಟ್ಟುವುದು ಅಲ್ಲೇ. ನಿಮ್ಮ ಅಡುಗೆಮನೆಯಲ್ಲಿ ಮೊಟ್ಟೆ, ಮೀನು, ಮಾಂಸ ಮಾಡಬಹುದೇ? ಕಡಲೂರಿಗೆ ಬಂದು ತಾಜಾ ಬಂಗುಡೆ ಸಾರು ಮಾಡಬೇಕೆಂದು ಕನಸು ಕಂಡವರಿಗೆ ಇದು ಮೊದಲೇ ಗೊತ್ತಾಗಬೇಕು. ದೇವರ ಕೋಣೆಗೆ ಬೀಗ ಹಾಕುತ್ತೀರೋ, ದೀಪ ಹಚ್ಚಲಿ ಅನ್ನುತ್ತೀರೋ? ಮಂಡಿನೋವಿನ ಅಜ್ಜಿ ಬರುತ್ತಿದ್ದರೆ ಎಷ್ಟು ಮೆಟ್ಟಿಲಿವೆ, ಕಮೋಡ್ ಇದೆಯೇ? ನಾಯಿ ಇದ್ದರೆ ಅದು ಎಲ್ಲಿರುತ್ತದೆ? ಉತ್ತರ ಹೊಂದದಿದ್ದರೆ ನಗುತ್ತಲೇ ‘ಬೇಡ’ ಅನ್ನಿ. ಹಣ ತೆಗೆದುಕೊಳ್ಳುವ ಮಾತು ಮಾತ್ರ ಬರಬಾರದು. ದುಡ್ಡು ಬಂದರೆ ಅದು ಬಾಡಿಗೆ ವ್ಯವಹಾರ, ಅದರ ನಿಯಮಗಳೇ ಬೇರೆ.

ಒಪ್ಪಿದ್ದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ: ತಾರೀಖು, ಉಳಿಯುವವರ ಹೆಸರು, ಏನಾದರೂ ಒಡೆದರೆ ಯಾರು ಕೊಡಬೇಕು, ಒಬ್ಬರು ಹಿಂದೆ ಸರಿದರೆ ಏನು. ರೈಲು ಟಿಕೆಟ್ ಈಗ 60 ದಿನ ಮುಂಚೆ ಬುಕಿಂಗ್‌ಗೆ ತೆರೆಯುತ್ತದೆ. ಮಾತುಕತೆ ಅಷ್ಟರೊಳಗೆ ಮುಗಿಸಿ, ಎರಡೂ ಕಡೆಯವರು ಒಂದೇ ದಿನ ಟಿಕೆಟ್ ಮಾಡಿಸಿ. ಟಿಕೆಟ್ ಆದ ಮೇಲೆ ಮಾತು ತಪ್ಪುವವರು ಕಡಿಮೆ.

ಕರೆಂಟ್ ಬಿಲ್ಲಿನ ಮಾತನ್ನೂ ಇದರಲ್ಲೇ ಸೇರಿಸಿ. ಗೃಹಜ್ಯೋತಿ ಇರುವ ಮನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಏಪ್ರಿಲ್ ಸೆಕೆಗೆ ಅತಿಥಿಗಳು ರಾತ್ರಿಯಿಡೀ ಏಸಿ ಹಾಕಿದರೆ ಆ ಗೆರೆ ದಾಟುವುದು ಕಷ್ಟವೇನಲ್ಲ. ಬಂದ ದಿನ ಮತ್ತು ಹೊರಡುವ ದಿನ ಮೀಟರಿನ ಫೋಟೊ ತೆಗೆದರೆ ಲೆಕ್ಕ ಸಲೀಸು.

ಮನೆಯ ಚೀಟಿ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀವು ಫ್ರಿಜ್ ಮೇಲೆ ಅಂಟಿಸಿ ಹೋಗುವ ಚೀಟಿ. ಮನೆಯವರಿಗೆ ಕಣ್ಣು ಮುಚ್ಚಿಯೂ ಗೊತ್ತಿರುವುದು ಹೊಸಬರಿಗೆ ಗೊತ್ತಿರುವುದಿಲ್ಲ. ‘ನೀರು ಬಾರದಿದ್ದರೆ ಮೋಟಾರ್ ಹಾಕಿ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಹೀಗೆ ಬರೆಯಿರಿ: ‘ಮೋಟಾರ್ ಸ್ವಿಚ್ಚು ಮೆಟ್ಟಿಲ ಕೆಳಗೆ, ಕೆಂಪು ದೀಪದ್ದು. ಹಾಕುವ ಮೊದಲು ಸಂಪಿನ ಮುಚ್ಚಳ ತೆಗೆದು ನೀರಿದೆಯೇ ನೋಡಿ. ಸುಮಾರು 20 ನಿಮಿಷಕ್ಕೆ ಟ್ಯಾಂಕ್ ತುಂಬುತ್ತದೆ. ಹಿತ್ತಲ ಪೈಪಿನಲ್ಲಿ ನೀರು ಸುರಿಯತೊಡಗಿದರೆ ಆರಿಸಿ. ಕಾವೇರಿ ನೀರು ದಿನ ಬಿಟ್ಟು ದಿನ ಬೆಳಗ್ಗೆ ಬರುತ್ತದೆ, ಕುಡಿಯಲು ಅಡುಗೆಮನೆಯ ಎಡಗಡೆಯ ನಲ್ಲಿ.’

ಇದೇ ರೀತಿಯಲ್ಲಿ ಗೀಸರ್, ಗ್ಯಾಸ್ ರೆಗ್ಯುಲೇಟರ್, ಯುಪಿಎಸ್, ವೈಫೈ ಪಾಸ್‌ವರ್ಡ್ ಬಗ್ಗೆ ಬರೆಯಿರಿ. ತುಂಬಿದ ಸಿಲಿಂಡರ್ ಎಲ್ಲಿದೆ? ಹಸಿ ಕಸ, ಒಣ ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ? ಹಾಲಿನವರು ಪ್ಯಾಕೆಟ್ ಎಲ್ಲಿಡುತ್ತಾರೆ? ತುಳಸಿಗೆ ದಿನಾ ನೀರು ಬೇಕು, ಕ್ಯಾಕ್ಟಸ್‌ಗೆ ಬೇಡ. ಮನೆಗೆಲಸದವರು ಬರುವುದಾದರೆ ಅವರನ್ನು ಮೊದಲೇ ಕೇಳಿ. ಬೇರೆಯವರ ಪಾತ್ರೆ ತೊಳೆಯುವುದು ಬಿಡುವುದು ಅವರಿಗೆ ಬಿಟ್ಟದ್ದು, ಒಪ್ಪಿದರೆ ಆ ದಿನಗಳಿಗೆ ಹೆಚ್ಚಿಗೆ ಕೊಡಿ. ಕೊನೆಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ಹತ್ತಿರದ ಆಸ್ಪತ್ರೆ, ಪಕ್ಕದ ಮನೆಯವರ ನಂಬರು.

ಒಡವೆ ಬ್ಯಾಂಕ್ ಲಾಕರ್‌ನಲ್ಲಿರಲಿ. ಮನೆಪತ್ರ, ಚೆಕ್‌ಬುಕ್ ಇವನ್ನೆಲ್ಲ ಒಂದು ಬೀರುವಿಗೆ ಹಾಕಿ ಬೀಗ ಹಾಕಿ; ‘ಇದೊಂದು ಬೀರು ನಮ್ಮದು’ ಎಂದು ಹೇಳಿದರೆ ಯಾರೂ ಬೇಸರ ಪಡುವುದಿಲ್ಲ. ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಒಂದು ಜೊತೆ ಕೀ ನೆರೆಯವರ ಹತ್ತಿರ ಕೊಡಿ, ಯಾರು ಬರುತ್ತಾರೆಂದೂ ಹೇಳಿ. ಮನೆ ವಿಮೆ ಇದ್ದರೆ ಕಂಪನಿಯನ್ನು ಕೇಳಿ: ಬೆಂಕಿ, ಪ್ರವಾಹಕ್ಕೆಂದು ಮಾಡಿಸಿದ ಪಾಲಿಸಿಗೆ ಮನೆಗಳ್ಳತನದ ರಕ್ಷಣೆಯನ್ನು ಸಾಮಾನ್ಯವಾಗಿ ಬೇರೆಯಾಗಿ ಸೇರಿಸಬೇಕಾಗುತ್ತದೆ.

ನೀವು ಅತಿಥಿಯಾಗಿ ಹೋದಾಗ ಹೊರಡುವ ದಿನದ ಕೆಲಸ ಸ್ವಲ್ಪವೇ. ಹಾಸಿಗೆ ಹೊದಿಕೆ ಒಗೆದು ಹಾಕಿ, ಫ್ರಿಜ್‌ನಲ್ಲಿ ಹಳಸುವಂಥದ್ದು ಬಿಡಬೇಡಿ, ಬಳಸಿದ ಅಕ್ಕಿ, ಎಣ್ಣೆ ತುಂಬಿಸಿಡಿ, ಗ್ಯಾಸ್ ಆರಿಸಿ. ಲೋಟ ಒಡೆದಿದ್ದರೆ ಅವರು ನೋಡುವ ಮೊದಲೇ ಫೋನ್ ಮಾಡಿ ಹೇಳಿ.

ವಿದೇಶದವರ ಜೊತೆಗಾದರೆ

ನಾಲ್ಕಾರು ಸಲ ರಾಜ್ಯದೊಳಗೆ ಮಾಡಿ ಪಳಗಿದ ಮೇಲೆ ಹೊರದೇಶದ ಕಡೆ ನೋಡಿ. ಎರಡು ವಿಷಯ ಮರೆಯಬೇಡಿ. ವಿದೇಶಿ ಪ್ರಜೆ ನಿಮ್ಮ ಮನೆಯಲ್ಲಿ ಉಳಿದರೆ, ಹಣ ಪಡೆಯದಿದ್ದರೂ, ಅವರು ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಫಾರ್ಮ್ ಸಿ ಎಂದೇ ಪರಿಚಿತವಾದ ಮಾಹಿತಿ ಸಲ್ಲಿಸುವುದು ಮನೆಯವರ ಹೊಣೆ. ಪಾಸ್‌ಪೋರ್ಟ್, ವೀಸಾ ವಿವರ, ಫೋಟೊ ಬೇಕಾಗುತ್ತದೆ. ಅವನ್ನು ಮೊದಲೇ ತರಿಸಿಕೊಂಡು, ನಿಮ್ಮ ಖಾತೆಯನ್ನೂ ವಾರ ಮುಂಚೆ ತೆರೆದಿಡಿ.

ನೀವು ಯುರೋಪಿಗೆ ಹೋಗುವಾಗ ಶೆಂಗೆನ್ ವೀಸಾ ಅರ್ಜಿಗೆ ಎಲ್ಲಿ ಉಳಿಯುತ್ತೀರಿ ಎಂಬ ದಾಖಲೆ ಕೊಡಬೇಕು. ಹೋಟೆಲ್ ಬುಕಿಂಗ್ ಬದಲು ಖಾಸಗಿ ಮನೆ ತೋರಿಸುವಾಗ ಒಂದೊಂದು ದೇಶದ್ದು ಒಂದೊಂದು ಕ್ರಮ. ಫ್ರಾನ್ಸಿನಲ್ಲಿ ಮನೆಯವರು ತಮ್ಮ ಊರಿನ ಪುರಸಭೆಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಆತಿಥ್ಯದ ಪತ್ರ ಪಡೆದು ಕಳಿಸುವ ಪದ್ಧತಿ ಇದೆ. ಇದಕ್ಕೆ ವಾರಗಳೇ ಹಿಡಿಯಬಹುದು. ಹಾಗಾಗಿ ಅವರು ಆ ಓಡಾಟಕ್ಕೆ ಸಿದ್ಧರಿದ್ದಾರೆಯೇ ಎಂದು ಮೊದಲ ವಿಡಿಯೊ ಕಾಲ್‌ನಲ್ಲೇ ಕೇಳಿಬಿಡಿ, ವಿಮಾನದ ಟಿಕೆಟ್ ಆಮೇಲೆ ನೋಡಿದರಾಯಿತು.