ಏನೂ ನಡೆಯದ ಸಿನಿಮಾ ನೋಡುವುದು ಹೇಗೆ?

ಶಿಡ್ಲಘಟ್ಟದ ನಮ್ಮ ಮನೆ ತಾರಸಿಯಲ್ಲಿ ಒಮ್ಮೆ ಬಾಡಿಗೆ ಪ್ರೊಜೆಕ್ಟರ್ ತಂದು ಕನ್ನಡದ ‘ತಿಥಿ’ ಸಿನಿಮಾ ಹಾಕಿದ್ದೆ. ಹದಿನೈದು ಜನ ಬಂದಿದ್ದರು. ಇಪ್ಪತ್ತು ನಿಮಿಷ ಆಗಿರಲಿಲ್ಲ, ಪಕ್ಕದ ಮನೆಯವರು ಕೇಳಿದರು: ‘ಇಂಕಾ ಕಥ ಮೊದಲು ಕಾಲೇದಾ?’ ಇನ್ನೂ ಕಥೆ ಶುರುವಾಗಿಲ್ವಾ ಅಂತ. ನಮ್ಮ ಕಡೆ ಸಿನಿಮಾ ಮೇಲಿನ ದೂರು ತೆಲುಗಲ್ಲೇ ಬರುವುದು. ಅರ್ಧ ಮುಗಿಯುವಷ್ಟರಲ್ಲಿ ಉಳಿದವರು ಐದೇ ಜನ. ಅವರಲ್ಲಿ ರೇಷ್ಮೆ ಬಿಚ್ಚಾಣಿಕೆಯಲ್ಲಿ, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿ, ಕೈ ಸವೆಸಿದ ಒಬ್ಬ ಅಜ್ಜಿಯೂ ಇದ್ದರು. ‘ಆ ಗಡ್ಡಪ್ಪ ನಡೆಯೋದು ನೋಡಪ್ಪ, ನಮ್ಮ ಯಜಮಾನ್ರೂ ಹಿಂಗೇ ನಡೀತಿದ್ರು’ ಅಂತ ಕೊನೇವರೆಗೂ ನಗುತ್ತಲೇ ಇದ್ದರು. ಕಥೆಗೆ ಕಾಯದೆ ಮನುಷ್ಯನನ್ನು ನೋಡುತ್ತಿದ್ದವರು ಅವರೊಬ್ಬರೇ. ಆವತ್ತಿನಿಂದ ಯಾರಾದರೂ ಇಂಥ ಸಿನಿಮಾ ನೋಡುವುದು ಹೇಗೆ ಅಂತ ಕೇಳಿದರೆ, ಈ ಕ್ರಮ ಹೇಳುತ್ತೇನೆ.

ಮೊದಲು ಚಿಕ್ಕದನ್ನು ಹುಡುಕಿ. ಎರಡು ಗಂಟೆಯ ಸಿನಿಮಾದಿಂದ ಶುರು ಮಾಡಬೇಡಿ. ಚಿದಾನಂದ ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕನ್ನಡದ್ದೇ ಕಿರುಚಿತ್ರ. ಬರೀ ಹದಿನಾರು ನಿಮಿಷ. ಒಬ್ಬ ಅಜ್ಜಿ ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಸಾಕ್ಷ್ಯಚಿತ್ರ ಬೇಕಿದ್ದರೆ ಯೂಟ್ಯೂಬಿನಲ್ಲಿ ಪಿಎಸ್‌ಬಿಟಿ (ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್) ಅಂತ ಹುಡುಕಿ. ದುಡ್ಡು ಕೊಡದೆ ನೋಡಬಹುದಾದವು ಬೇಕಾದಷ್ಟಿವೆ.

ಫೋನು ಇನ್ನೊಂದು ಕೋಣೆಯಲ್ಲಿರಲಿ. ಇದನ್ನು ವಿವರಿಸುವ ಅಗತ್ಯ ಇಲ್ಲ, ಅಲ್ವಾ?

ಮೊದಲ ಹತ್ತು ನಿಮಿಷ ಕಥೆ ಕೇಳಬೇಡಿ. ಕಷ್ಟ ಇರುವುದೇ ಇಲ್ಲಿ. ಹುಳುವನ್ನು ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಟ್ಟಮೇಲೆ ಗೂಡು ಕಟ್ಟಿತಾ ಅಂತ ಗಂಟೆಗೊಮ್ಮೆ ಅಲ್ಲಾಡಿಸಿ ನೋಡುವ ರೇಷ್ಮೆ ಬೆಳೆಗಾರ ಎಲ್ಲಾದರೂ ಇದ್ದಾನಾ? ಹಂಗಂತ ಸುಮ್ನೆ ಕೂತೂ ಇರಬೇಡಿ, ಕಣ್ಣಿಗೆ ಕೆಲಸ ಕೊಡಿ. ಕ್ಯಾಮೆರಾ ಎಲ್ಲಿ ನಿಂತಿದೆ? ಹತ್ತಿರವಾ, ರಸ್ತೆಯ ಆಚೆ ಕಡೆನಾ? ಮಾತಾಡುವವನ ಕೈ ಏನು ಮಾಡುತ್ತಿದೆ? ‘ತಿಥಿ’ ಶುರುವಾಗುವುದು ರಸ್ತೆ ಬದಿ ಕೂತು ಹೋಗಿಬರುವವರನ್ನೆಲ್ಲ ರೇಗಿಸುವ ನೂರೊಂದು ವರ್ಷದ ಸೆಂಚುರಿ ಗೌಡನಿಂದ. ಸ್ವಲ್ಪ ಹೊತ್ತಿಗೇ ಸತ್ತೂ ಹೋಗುತ್ತಾನೆ. ನಮ್ಮ ತಾರಸಿಯ ಜನ ಆ ಬೈಗುಳವನ್ನು ಟೈಟಲ್ ಕಾರ್ಡಿನ ಹಾಗೆ ದಾಟಿಸಿ, ಹೀರೋ ಯಾವಾಗ ಬರುತ್ತಾನೆ ಅಂತ ಕಾಯುತ್ತಿದ್ದರು. ಮುಂದೆ ಮಗ ಗಡ್ಡಪ್ಪ, ಮೊಮ್ಮಗ, ಮರಿಮಗ ಮೂವರ ಹನ್ನೊಂದು ದಿನದ ಕಥೆ ಆ ಸಾವಿನ ಸುತ್ತಲೇ ನಡೆಯುತ್ತದೆ. ಮುದುಕನನ್ನು ಸರಿಯಾಗಿ ನೋಡದವರಿಗೆ ಉಳಿದದ್ದು ಸಪ್ಪೆ. ಇನ್ನೊಂದು ಮಾತು: ಆ ಸಿನಿಮಾದಲ್ಲಿ ನಟಿಸಿದವರು ಮಂಡ್ಯ ಕಡೆಯ ಹಳ್ಳಿಯವರು, ನಟನೆ ಅವರ ಕಸುಬಲ್ಲ. ಮುಖ ಚೆನ್ನಾಗಿಲ್ಲ, ಡೈಲಾಗು ಸಾಲದು ಅನ್ನುವ ಅಳತೆಗೋಲು ಅಲ್ಲಿ ನಡೆಯುವುದಿಲ್ಲ.

ಕಿವಿ ತೆರೆದಿಡಿ. ಇಂಥ ಎಷ್ಟೋ ಸಿನಿಮಾಗಳಲ್ಲಿ ಎಲ್ಲಿ ಅಳಬೇಕು ಅಂತ ಹೇಳಿಕೊಡುವ ಪಿಟೀಲು ಇರುವುದಿಲ್ಲ. ನಾಯಿ ಬೊಗಳುವುದು, ದೂರದ ಬೋರ್‌ವೆಲ್ ಮೋಟರು, ಪಕ್ಕದ ಮನೆಯ ಕುಕ್ಕರ್, ಕಥೆ ಅದರಲ್ಲೇ ಇರುತ್ತದೆ. ಒಬ್ಬರೇ ನೋಡುವಾಗ ಟಿವಿ ಸ್ಪೀಕರಿಗಿಂತ ಇಯರ್‌ಫೋನ್ ವಾಸಿ.

ಸಾಕ್ಷ್ಯಚಿತ್ರವಾದರೆ ಜಗಳ ಆಡಿ. ಕ್ಯಾಮೆರಾ ತೋರಿಸಿದ್ದೆಲ್ಲ ನಿಜ ಅಂತ ನಂಬಬೇಡಿ. ಯಾರನ್ನು ಮಾತಾಡಿಸಿದರು, ಯಾರನ್ನು ಬಿಟ್ಟರು? ನಮ್ಮೂರಿನ ಬಿಚ್ಚಾಣಿಕೆ ಬಗ್ಗೆ ಯಾರೋ ಚಿತ್ರ ಮಾಡಿದರು ಅಂದುಕೊಳ್ಳಿ. ಹೊಳೆಯುವ ನೂಲು ತೋರಿಸುವುದು ಸುಲಭ. ಬಿಸಿನೀರಲ್ಲಿ ನೆಂದು ಬಿಳಿಚಿ ಸುಕ್ಕಾದ ಬೆರಳು ತೋರಿಸಿದರಾ? ಕೂಲಿ ಎಷ್ಟು ಅಂತ ಕೇಳಿದರಾ? ಮಾಲೀಕ ಪಕ್ಕದಲ್ಲೇ ನಿಂತಿದ್ದಾಗ ಕೇಳಿದರಾ, ಅವನು ಹೋದಮೇಲಾ? ಇಷ್ಟು ಕೇಳಿದರೆ ನೀವು ಅರ್ಧ ವಿಮರ್ಶಕರಾದ ಹಾಗೆ.

ಮುಗಿದಮೇಲೆ ಸ್ಟಾರ್ ಕೊಡಬೇಡಿ. ಮಾರನೇ ದಿನ ತಲೆಯಲ್ಲಿ ಉಳಿದ ಒಂದೇ ಒಂದು ದೃಶ್ಯವನ್ನು ಯಾರಿಗಾದರೂ ಹೇಳಿ. ಒಂದೂ ಉಳಿಯದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಿಧಾನ ಅಂದಮಾತ್ರಕ್ಕೆ ಎಲ್ಲ ಒಳ್ಳೆಯ ಸಿನಿಮಾ ಅಲ್ಲ. ಬೋರು ಹೊಡೆಸುವವೂ ಜಾಸ್ತಿ ಇವೆ, ಪ್ರಶಸ್ತಿ ಬಂದವುಗಳಲ್ಲೂ.

ಆದಷ್ಟು ಒಬ್ಬರೇ ನೋಡಬೇಡಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಲು ಹೊರಟಿತ್ತು. ನಮ್ಮಲ್ಲಿ ಈಗ ತಿಂಗಳಿಗೊಮ್ಮೆ ಆರೇಳು ಜನ ಸೇರುತ್ತೇವೆ. ಅಜ್ಜಿ ತಪ್ಪಿಸುವುದಿಲ್ಲ. ತಾರಸಿಯಲ್ಲಿ ಹಾಕುವುದಾದರೆ ಪರದೆಗೆ ಬಿಳಿ ಪಂಚೆ ಸಾಕು. ಆದರೆ ನಾಲ್ಕೂ ಮೂಲೆ ಬಿಗಿಯಾಗಿ ಕಟ್ಟಿ, ಕೆಳಗಿನ ಅಂಚಿಗೆ ಎರಡು ಇಟ್ಟಿಗೆ ಇಡಿ. ಮೊದಲ ಸಲ ನಾವು ಇಟ್ಟಿರಲಿಲ್ಲ. ಗಡ್ಡಪ್ಪನ ಕಾಲು ಗಾಳಿಗೆ ಎದುರು ಮನೆಯ ಗೋಡೆ ಮೇಲೆ ನಡೆಯುತ್ತಿತ್ತು.